ತಂಬಾಕಿನ ಹೊಗೆಯ ಗುರುತನ್ನು ದೇಹದಲ್ಲಿ ಅಳೆಯುವುದು: ಯಾವ ಪ್ರಶ್ನೆಗೆ ಯಾವ ಸೂಚಕ

ತಂಬಾಕಿನ ಹೊಗೆಯ ಜೈವಿಕ ಸೂಚಕವನ್ನು ಆರಿಸುವ ಮುನ್ನ ಎರಡು ಸಂಗತಿಗಳನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಎಷ್ಟು ಹಿಂದಿನ ಹೊಗೆಯ ಲೆಕ್ಕ ಬೇಕು ಎಂಬುದು ಒಂದು. ತಿಳಿಯಬೇಕಾದದ್ದು ಹೊಗೆ ಸೇವನೆಯ ಪ್ರಮಾಣವೋ, ಶ್ವಾಸಕೋಶದ ಕ್ಯಾನ್ಸರ್‌ನ ಅಪಾಯವೋ ಎಂಬುದು ಇನ್ನೊಂದು. ಇವೆರಡನ್ನೂ ಬೆರೆಸಿಬಿಟ್ಟರೆ ಎಷ್ಟೇ ನಿಖರವಾದ ಪರೀಕ್ಷೆಯೂ ದಾರಿ ತಪ್ಪಿಸುತ್ತದೆ.

ಕೆಲವೇ ಗಂಟೆಗಳ ಹಿಂದಿನ ಧೂಮಪಾನವನ್ನು ತಿಳಿಯಲು ಉಸಿರಿನಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಸಾಕು. ಪರೀಕ್ಷೆಗೆ ಒಳಗಾಗುವವರು ಆಳವಾಗಿ ಉಸಿರೆಳೆದು, ಸುಮಾರು 15 ಸೆಕೆಂಡು ಹಿಡಿದಿಟ್ಟುಕೊಂಡು, ಆಮೇಲೆ ನಿಧಾನವಾಗಿ, ಎದೆ ಬರಿದಾಗುವವರೆಗೆ ಉಪಕರಣದೊಳಗೆ ಊದಬೇಕು. ರಾತ್ರಿಯಿಡೀ ಸೇದದವರಲ್ಲಿ ಬೆಳಗಿನ ಅಳತೆ ಸಹಜವಾಗಿಯೇ ಇಳಿದಿರುವುದರಿಂದ ಮಧ್ಯಾಹ್ನದ ನಂತರ ಅಳೆಯುವುದು ಲೇಸು. ವಾಹನದ ಹೊಗೆ, ಸೌದೆಯ ಹೊಗೆಗಳೂ ಈ ಅಂಕಿಯನ್ನು ಏರಿಸುತ್ತವೆ.

ಮೂರು ನಾಲ್ಕು ದಿನಗಳ ಚಿತ್ರ ಬೇಕಿದ್ದರೆ ಕೋಟಿನಿನ್ ಅಳೆಯಬೇಕು. ನಿಕೋಟಿನ್‌ನ ಅರ್ಧಾಯುಷ್ಯ (ದೇಹದಲ್ಲಿರುವ ಪ್ರಮಾಣ ಅರ್ಧಕ್ಕಿಳಿಯಲು ಬೇಕಾಗುವ ಕಾಲ) ಸುಮಾರು 2 ಗಂಟೆಯಾದರೆ, ಯಕೃತ್ತಿನಲ್ಲಿ ಅದರಿಂದ ಉಂಟಾಗುವ ಕೋಟಿನಿನ್‌ನದು ಸುಮಾರು 16 ಗಂಟೆ. ರಕ್ತ, ಜೊಲ್ಲು, ಮೂತ್ರ ಮೂರರಲ್ಲೂ ಅದು ಸಿಗುತ್ತದೆ. ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದಲ್ಲಿ) ಮಿಲಿಲೀಟರಿಗೆ 15 ನ್ಯಾನೋಗ್ರಾಂ ಎಂಬ ಹಳೆಯ ಗೆರೆಯನ್ನು ಎಲ್ಲ ಕಡೆ ಕಣ್ಣು ಮುಚ್ಚಿ ಅನ್ವಯಿಸಬಾರದು, ಏಕೆಂದರೆ ಪರೋಕ್ಷ ಧೂಮಪಾನ ತಗ್ಗಿರುವ ಸಮುದಾಯಗಳಲ್ಲಿ 3 ನ್ಯಾನೋಗ್ರಾಂ ಆಸುಪಾಸಿನ ಗೆರೆಯೇ ಸೇದುವವರನ್ನೂ ಸೇದದವರನ್ನೂ ಚೆನ್ನಾಗಿ ಬೇರ್ಪಡಿಸುತ್ತದೆ. ಮೂತ್ರದ ಮಾದರಿಯಾದರೆ, ಕುಡಿದ ನೀರಿನಿಂದ ಅದು ತೆಳುವಾಗಿರಬಹುದಾದ್ದರಿಂದ, ಫಲಿತಾಂಶವನ್ನು, ಬಹುತೇಕ ಒಂದೇ ವೇಗದಲ್ಲಿ ಮೂತ್ರ ಸೇರುವ ತ್ಯಾಜ್ಯವಾದ ಕ್ರಿಯಾಟಿನಿನ್‌ಗೆ ಹೋಲಿಸಿ ಸರಿಪಡಿಸಿಕೊಳ್ಳಬೇಕು. ನಿಕೋಟಿನ್ ಕರಗಿಸುವ ಸಿವೈಪಿ2ಎ6 ಕಿಣ್ವದ ವೇಗ ಎಲ್ಲರಲ್ಲೂ ಒಂದೇ ಅಲ್ಲ; ಗರ್ಭಿಣಿಯರಲ್ಲಂತೂ ಕೋಟಿನಿನ್ ಬೇಗ ಹೊರಹೋಗುತ್ತದೆ. ಹೀಗಾಗಿ ಅಂಕಿಯನ್ನು ನೇರವಾಗಿ ಸಿಗರೇಟುಗಳ ಎಣಿಕೆಯೆಂದು ಓದುವುದು ಸಲ್ಲದು.

ಎಲ್ಲರೂ ಎಡವುವ ಜಾಗವೊಂದಿದೆ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ (ಪ್ಯಾಚ್), ಗಮ್, ಇ-ಸಿಗರೇಟು, ಜಗಿಯುವ ತಂಬಾಕು ಇವೆಲ್ಲವೂ ಕೋಟಿನಿನ್ ಅನ್ನು ಏರಿಸುತ್ತವೆ. ಧೂಮಪಾನ ಬಿಟ್ಟು ಪಟ್ಟಿ ಅಂಟಿಸಿಕೊಂಡವರ ಮೇಲೆ ಅನುಮಾನಪಡುವ ಮೊದಲು ಮೂತ್ರದಲ್ಲಿ ಅನಾಬಸಿನ್ ನೋಡಬೇಕು: ಅದು ತಂಬಾಕಿನ ಗಿಡದಲ್ಲಿರುವ ನಿಕೋಟಿನ್ ಬಗೆಯ ಮತ್ತೊಂದು ಸಸ್ಯಕ್ಷಾರ (ಆಲ್ಕಲಾಯ್ಡ್), ಪಟ್ಟಿಯಲ್ಲಿ ಇರುವುದಿಲ್ಲ. ಕೋಟಿನಿನ್ ಹೆಚ್ಚಿದ್ದು ಅನಾಬಸಿನ್ ಮಿಲಿಲೀಟರಿಗೆ 2 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ನಿಕೋಟಿನ್ ಬಂದದ್ದು ಬಹುತೇಕ ಪಟ್ಟಿಯಿಂದಲೋ ಗಮ್‌ನಿಂದಲೋ ಎನ್ನಬಹುದು. ಆದರೆ ತಂಬಾಕು ಜಗಿಯುವವರಲ್ಲಿ ಅನಾಬಸಿನ್ ಕೂಡ ಏರಿರುತ್ತದೆ. ಅಲ್ಲಿ ಕಾರ್ಬನ್ ಮಾನಾಕ್ಸೈಡ್‌ನಂತಹ, ಸುಟ್ಟಾಗ ಮಾತ್ರ ಹುಟ್ಟುವ ವಸ್ತುವಿನ ಸಾಕ್ಷಿ ಬೇಕು.

ಶ್ವಾಸಕೋಶದ ಕ್ಯಾನ್ಸರ್‌ಗೆ ಹೆಚ್ಚು ಹತ್ತಿರದ ಸೂಚಕ ಎನ್‌ಎನ್‌ಎಎಲ್. ತಂಬಾಕಿಗೇ ವಿಶಿಷ್ಟವಾದ ಎನ್‌ಎನ್‌ಕೆ ಎಂಬ ಕ್ಯಾನ್ಸರ್‌ಕಾರಕ ದೇಹದಲ್ಲಿ ಮಾರ್ಪಟ್ಟು ಇದಾಗುತ್ತದೆ. ಇದು ವಾರಗಟ್ಟಲೆ ಮೂತ್ರದಲ್ಲಿ ಉಳಿಯುತ್ತದೆ, ಪರರ ಹೊಗೆ ಕುಡಿದವರಲ್ಲೂ ಸಿಗುತ್ತದೆ. ಶಾಂಘೈ ಮತ್ತು ಸಿಂಗಪುರದಲ್ಲಿ ಕಾಯಿಲೆ ಬರುವ ಎಷ್ಟೋ ಮೊದಲೇ ಸಂಗ್ರಹಿಸಿಟ್ಟಿದ್ದ ಧೂಮಪಾನಿಗಳ ಮೂತ್ರವನ್ನು ಪರೀಕ್ಷಿಸಿದಾಗ, ಸೇದಿದ ಪ್ರಮಾಣವನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಎನ್‌ಎನ್‌ಎಎಲ್ ಹೆಚ್ಚಿದ್ದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂದಿತ್ತು.

ವರ್ಷಗಳ ಲೆಕ್ಕಕ್ಕೆ ರಕ್ತಕಣಗಳ ಡಿಎನ್‌ಎಯಲ್ಲಿ ಎಎಚ್‌ಆರ್‌ಆರ್ ವಂಶವಾಹಿಯ ಮೀಥೈಲೀಕರಣವನ್ನು, ಅಂದರೆ ಅದಕ್ಕೆ ಅಂಟಿಕೊಂಡಿರುವ ಪುಟ್ಟ ರಾಸಾಯನಿಕ ಗುರುತುಗಳ ಪ್ರಮಾಣವನ್ನು, ನೋಡುತ್ತಾರೆ. ಸೇದಿದಂತೆಲ್ಲ ಅದು ಕುಸಿಯುತ್ತದೆ, ಬಿಟ್ಟ ಮೇಲೆ ಬಹಳ ನಿಧಾನವಾಗಿ ಚೇತರಿಸುತ್ತದೆ.

ಒಬ್ಬ ವ್ಯಕ್ತಿಯ ಅಪಾಯವನ್ನು ಅಂದಾಜಿಸುವಾಗ ಮಾತ್ರ ಪ್ರಯೋಗಾಲಯಕ್ಕಿಂತ ಮೊದಲು ಪ್ರಶ್ನಾವಳಿಯನ್ನೇ ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ವಯಸ್ಸು, ಪ್ಯಾಕ್-ವರ್ಷ (ದಿನಕ್ಕೆ 20 ಸಿಗರೇಟಿನ ಒಂದು ಪ್ಯಾಕಿನಂತೆ ಒಂದು ವರ್ಷ ಸೇದಿದರೆ ಒಂದು ಪ್ಯಾಕ್-ವರ್ಷ), ಬಿಟ್ಟು ಕಳೆದ ಕಾಲ, ಕುಟುಂಬದಲ್ಲಿ ಕಾಯಿಲೆ ಇತ್ತೇ ಎಂಬ ವಿವರಗಳನ್ನು ಬರೆದುಕೊಳ್ಳಿ. ದಿನಕ್ಕೆ 10 ಸಿಗರೇಟಿನಂತೆ 40 ವರ್ಷ ಸೇದಿದ್ದರೆ ಅದು 20 ಪ್ಯಾಕ್-ವರ್ಷ. ಅಂಥವರು ಕಳೆದ ವರ್ಷ ಬಿಟ್ಟಿದ್ದರೆ ಇಂದು ಕೋಟಿನಿನ್ ಶೂನ್ಯದ ಹತ್ತಿರವಿರುತ್ತದೆ, ಅಪಾಯ ಮಾತ್ರ ಹಾಗೆಯೇ ಕುಳಿತಿರುತ್ತದೆ. ಸಿಇಎ, ಸಿಎ125, ಸೈಫ್ರಾ 21-1 ಹಾಗೂ ಸರ್ಫ್ಯಾಕ್ಟಂಟ್ ಪ್ರೋಟೀನ್ ಬಿಯ ಪೂರ್ವರೂಪ ಎಂಬ, ರಕ್ತದಲ್ಲಿ ಅಳೆಯುವ ನಾಲ್ಕು ಪ್ರೋಟೀನುಗಳ ಮಟ್ಟವನ್ನು ಈ ವಿವರಗಳಿಗೆ ಸೇರಿಸಿದಾಗ ಅಂದಾಜು ಇನ್ನಷ್ಟು ಚುರುಕಾಗುತ್ತದೆಂದು ಅಧ್ಯಯನಗಳು ತೋರಿಸಿವೆ. ಆದರೂ ಸಾವನ್ನು ತಗ್ಗಿಸುತ್ತದೆಂದು ದೊಡ್ಡ ಪ್ರಯೋಗಗಳಲ್ಲಿ ಸಾಬೀತಾಗಿರುವುದು ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್: 2011ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಎದೆಯ ಎಕ್ಸ್-ರೇ ಗುಂಪಿಗೆ ಹೋಲಿಸಿದರೆ, ಶ್ವಾಸಕೋಶದ ಕ್ಯಾನ್ಸರ್‌ನ ಸಾವುಗಳು ಶೇ. 20ರಷ್ಟು ಇಳಿದವು. ಸ್ಕ್ಯಾನ್‌ಗೆ ಅರ್ಹತೆಯಿರುವವರು ರಕ್ತಪರೀಕ್ಷೆಯ ಫಲಿತಾಂಶ ಚೆನ್ನಾಗಿ ಬಂದಿದೆಯೆಂದು ಅದನ್ನು ಕೈಬಿಡಬಾರದು.