ಮನೆಗೆ ಕರ್ಕೊಂಡು ಹೋಗಿ ಅಂದ ಮೇಲೆ ಏನು ಮಾಡಬೇಕು?

"ಇನ್ನು ಮನೆಗೆ ಕರ್ಕೊಂಡು ಹೋಗಿ, ಚೆನ್ನಾಗಿ ನೋಡ್ಕೊಳ್ಳಿ." ದೊಡ್ಡ ಕಾಯಿಲೆಯವರ ಬಗ್ಗೆ ಮಣಿಪಾಲದಲ್ಲೋ ಹುಬ್ಬಳ್ಳಿಯಲ್ಲೋ ಡಾಕ್ಟರು ಇಷ್ಟು ಹೇಳಿದರೆ ಸಾಕು, ಕೈ ಬಿಟ್ಟರು ಅಂತ ತಿಳಿದು ನಾವು ಗಾಡಿ ಹತ್ತಿಬಿಡುತ್ತೇವೆ. ಹತ್ತಬೇಡಿ. ನೋಡಿಕೊಳ್ಳುವುದು ಹೇಗೆ ಅಂತ ಅಲ್ಲೇ ನಿಂತು ಕೇಳಿ. ಪ್ಯಾಲಿಯೇಟಿವ್ ಕೇರ್ ವಿಭಾಗಕ್ಕೆ ಒಂದು ಚೀಟಿ ಬರೆಸಿಕೊಳ್ಳಿ. ನೋವು, ಉಬ್ಬಸ, ವಾಂತಿ, ಹೆದರಿಕೆ, ಇವನ್ನೆಲ್ಲ ಕಡಿಮೆ ಮಾಡುವುದೇ ಅವರ ಕೆಲಸ. ಕಾಯಿಲೆ ಗೊತ್ತಾದ ದಿನದಿಂದಲೇ, ಕೀಮೋ ನಡೆಯುತ್ತಿರುವಾಗಲೇ ಅವರನ್ನು ಕಾಣಬಹುದು. ಇನ್ನು ವಾಸಿಯಾಗುವುದಿಲ್ಲ ಅಂತ ಖಚಿತವಾದ ಮೇಲೆ, ಕೊನೆಯ ತಿಂಗಳುಗಳಲ್ಲಿ ಸಿಗುವ ಆರೈಕೆಗೆ ಹಾಸ್ಪೈಸ್ ಅನ್ನುತ್ತಾರೆ. ಅಲ್ಲಿ ಸಾವನ್ನು ಬೇಗ ತರುವುದಿಲ್ಲ, ಔಷಧಿಯನ್ನೆಲ್ಲ ನಿಲ್ಲಿಸುವುದೂ ಇಲ್ಲ. ಕ್ಯಾನ್ಸರಿಗೆ ಮಾತ್ರ ಅಲ್ಲ, ಕಿಡ್ನಿ, ಹೃದಯ, ಶ್ವಾಸಕೋಶ ಕೈಕೊಟ್ಟವರಿಗೂ ಈ ಆರೈಕೆ ಬೇಕು.

ಇದಕ್ಕೆಂದೇ ಇರುವ ಜಾಗಗಳೂ ಉಂಟು. ಬೆಂಗಳೂರಿನ ಕರುಣಾಶ್ರಯದಲ್ಲಿ ಕ್ಯಾನ್ಸರಿನ ಕೊನೆಯ ಹಂತದವರಿಗೆ ಪೂರ್ತಿ ಉಚಿತ. ಗೋವಾದ ಲೌಟೋಲಿಯಲ್ಲಿ ಶಾಂತಿ ಅವೇದನಾ ಸದನ ಇದೆ, ಕಾರವಾರದವರಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಹೋಗುವ ಮೊದಲು ಫೋನ್ ಮಾಡಿ ಜಾಗ ಉಂಟಾ ಕೇಳಿಕೊಳ್ಳಿ. ಆದರೆ ನಮ್ಮಲ್ಲಿ ಹೆಚ್ಚಿನವರು ಕೊನೆಗೆ ಇರಬೇಕು ಅನ್ನುವುದು ಮನೆಯಲ್ಲೇ. ಹಾಗಾಗಿ ಮುಂದಿನದೆಲ್ಲ ಮನೆಯ ಮಾತು.

ಮೊದಲು ನೋವು. ಜೋರು ನೋವಿಗೆ ಮಾರ್ಫಿನ್ ಬರೆದುಕೊಡುತ್ತಾರೆ. ಹೆಸರು ಕೇಳಿಯೇ ಮನೆಯವರು ಹೆದರುತ್ತಾರೆ, ಚಟ ಹಿಡಿಯುತ್ತದೆ, ಜೀವ ಬೇಗ ಹೋಗುತ್ತದೆ ಅಂತ. ಡಾಕ್ಟರು ಹೇಳಿದ ಲೆಕ್ಕದಲ್ಲಿ ನೋವಿಗೆ ಕೊಟ್ಟರೆ ಹಾಗೆಲ್ಲ ಆಗುವುದಿಲ್ಲ. ಸಾಮಾನ್ಯ ಮಾತ್ರೆ ಕೆಲಸ ಮಾಡುವುದು ಸುಮಾರು 4 ತಾಸು, ಅದಕ್ಕೇ ಗಡಿಯಾರ ನೋಡಿ ಕೊಡಬೇಕು, ನೋವು ಬಂದು ನರಳುವವರೆಗೆ ಕಾಯಬಾರದು. ಮಲಬದ್ಧತೆ ಆಗೇ ಆಗುತ್ತದೆ, ಅದರ ಔಷಧಿಯನ್ನೂ ಅದೇ ದಿನ ಬರೆಸಿಕೊಳ್ಳಿ. ಶುರುವಿನ ಎರಡು ಮೂರು ದಿನ ಮಂಪರು ಜಾಸ್ತಿ, ಆಮೇಲೆ ಕಡಿಮೆಯಾಗುತ್ತದೆ. ಎಬ್ಬಿಸಿದರೂ ಏಳದಂಥ ನಿದ್ದೆಯಾದರೆ ಮಾತ್ರ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ನಿಮ್ಮಷ್ಟಕ್ಕೆ ನೀವೇ ಥಟ್ಟನೆ ನಿಲ್ಲಿಸಬೇಡಿ. 2014ರಲ್ಲಿ ಮಾದಕ ವಸ್ತುಗಳ ಕಾನೂನು ಸಡಿಲ ಮಾಡಿದರೂ ಈ ಮಾತ್ರೆ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆ ಯಾವಾಗ ಬಂದ್ ಆಗುತ್ತದೆ ಹೇಳಲಿಕ್ಕಾಗುವುದಿಲ್ಲ, 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ನಿಂತುಹೋಯ್ತಲ್ಲ. ಎಷ್ಟು ದಿನದ್ದು ಕೊಡುತ್ತೀರಿ, ತರಲಿಕ್ಕೆ ಯಾರು ಬರಬಹುದು, ಈ ಎರಡನ್ನೂ ಮೇ ತಿಂಗಳಲ್ಲೇ ಕೇಳಿಟ್ಟುಕೊಳ್ಳಿ.

ಮಂಚವನ್ನು ಒಳಗಿನ ಕತ್ತಲೆ ಕೋಣೆಯಲ್ಲಿ ಹಾಕಬೇಡಿ, ಜನ ಓಡಾಡುವ ಕಡೆ ಹಾಕಿ. ನಮ್ಮ ಹಳೇ ಮನೆಗಳಲ್ಲಿ ಪಾಯಖಾನೆ ಹಿತ್ತಿಲಲ್ಲಿ, ಮಳೆಯಲ್ಲಿ ಪಾಚಿಗಟ್ಟಿದ ಮೆಟ್ಟಿಲು ಇಳಿದು ಹೋಗಬೇಕು. ಒಂದು ಕಮೋಡ್ ಕುರ್ಚಿ ತಂದು ಮಂಚದ ಪಕ್ಕದಲ್ಲಿಡಿ, ಎಷ್ಟೋ ಬೀಳುವುದು ತಪ್ಪುತ್ತದೆ. ಮಲಗಿ ಮಲಗಿ ಹುಣ್ಣಾಗದಿರಲಿಕ್ಕೆ ಏರ್ ಬೆಡ್ ಒಳ್ಳೆಯದೇ, ಆದರೆ ಅದರ ಪಂಪು ಓಡುವುದು ಕರೆಂಟಿನ ಮೇಲೆ. ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲ ಅಂದರೆ ಮತ್ತೆ ಕೈಯೇ ಗತಿ. ಎರಡೆರಡು ತಾಸಿಗೆ ಮಗ್ಗುಲು ಬದಲಿಸಿ, ಮೊಣಕಾಲುಗಳ ನಡುವೆ ದಿಂಬಿಡಿ. ದಿನಕ್ಕೊಮ್ಮೆ ಟಾರ್ಚ್ ಹಿಡಿದು ಸೊಂಟದ ಕೆಳಗೆ, ಹಿಮ್ಮಡಿ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದರೂ ಕೆಂಪು ಮಾಸದಿದ್ದರೆ ಹುಣ್ಣು ಶುರುವಾಗಿದೆ ಅಂತಲೇ ಲೆಕ್ಕ.

ಊಟದ ವಿಷಯ ಎಲ್ಲಕ್ಕಿಂತ ಕಷ್ಟ. ಕೊನೆಕೊನೆಗೆ ದೇಹ ಅನ್ನ ಕೇಳುವುದಿಲ್ಲ. ಆಗ "ಎರಡು ತುತ್ತಾದ್ರೂ ಉಣ್ಣು ಆಯಿ" ಅಂತ ಒತ್ತಾಯ ಮಾಡಿದರೆ ಅವರಿಗೆ ಬರೀ ಹಿಂಸೆ. ಕೇಳಿದರೆ ಗಂಜಿ ತಿಳಿ, ಮುರುಗಲ ಪಾನಕ, ಅವರಿಗೆ ಯಾವುದು ಆಸೆಯೋ ಅದು, ಒಂದು ಚಮಚವಾದರೂ ಸಾಕು. ಗಂಗಾಜಲ ಬಿಡುವಾಗಲೂ ಜೋಪಾನ. ನುಂಗುವ ಶಕ್ತಿ ಇಲ್ಲದವರ ಬಾಯಿಗೆ ನೀರು ಹೊಯ್ದರೆ ನೆತ್ತಿಗೇರಿ ಒದ್ದಾಡುತ್ತಾರೆ. ತುಳಸಿ ಎಲೆಯನ್ನೋ ಹತ್ತಿಯನ್ನೋ ಅದ್ದಿ ತುಟಿಗೆ ಸವರಿ, ಶಾಸ್ತ್ರವೂ ಆಯಿತು, ಬಾಯಿಯೂ ಒಣಗುವುದಿಲ್ಲ.

"ಅವರಿಗೆ ಹೇಳಬೇಡಿ" ಅಂತ ಮನೆಮಂದಿ ಎಲ್ಲ ಸೇರಿ ಬಚ್ಚಿಡುತ್ತೇವಲ್ಲ, ಹೆಚ್ಚಿನವರಿಗೆ ಅದು ಗೊತ್ತೇ ಇರುತ್ತದೆ. "ನಿಮಗೆ ಏನು ಅನ್ನಿಸ್ತದೆ?" ಅಂತ ಒಮ್ಮೆ ಕೇಳಿ, ಸುಮ್ನೆ ಕೂತು ಕೇಳಿಸಿಕೊಳ್ಳಿ. ತೋಟದ ಮಾತು, ಬೆಂಗಳೂರಿನ ಮಗನನ್ನು ನೋಡುವ ಆಸೆ, ಐಸಿಯು ಬೇಕೋ ಬೇಡವೋ, ಎಲ್ಲ ಅವರ ಬಾಯಿಂದಲೇ ಬರಲಿ. ವೆಂಟಿಲೇಟರ್ ಬೇಡ ಅಂತ ಮೊದಲೇ ಬರೆದಿಡಬಹುದು. ಸುಪ್ರೀಂ ಕೋರ್ಟು 2018ರಲ್ಲಿ ಇದನ್ನು ಒಪ್ಪಿತು, 2023ರಲ್ಲಿ ಸಲೀಸು ಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆಯಿತು.

ನೋಡಿಕೊಳ್ಳುವ ಕೆಲಸ ಒಬ್ಬ ಸೊಸೆಯ ತಲೆಗೇ ಬೀಳಬಾರದು. ರಾತ್ರಿಯ ಪಾಳಿ ಹಂಚಿಕೊಳ್ಳಿ, ಗಂಡಸರೂ ಸೇರಿ. ಎಳನೀರು ಹಿಡಿದು ನೋಡಲಿಕ್ಕೆ ಬಂದವರನ್ನೇ ಒಂದು ತಾಸು ಕೂರಿಸಿ, ಅವಳು ಮಲಗಲಿ. ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಕೊನೆಯ ದಿನಗಳಲ್ಲಿ ಕೈಕಾಲು ತಣ್ಣಗಾಗುತ್ತದೆ, ಉಸಿರು ನಿಂತು ನಿಂತು ಬರುತ್ತದೆ, ಗಂಟಲಲ್ಲಿ ಗೊರಗೊರ ಸದ್ದು. ಆ ಸದ್ದು ನಮಗೆ ಭಯ ಹುಟ್ಟಿಸುತ್ತದೆ, ಅವರಿಗೆ ಅಷ್ಟು ತೊಂದರೆ ಇರುವುದಿಲ್ಲ. ಒಂದು ಮಗ್ಗುಲಿಗೆ ಮಲಗಿಸಿ, ಕೈ ಹಿಡಿದು ಮಾತಾಡಿ. ಇದೆಲ್ಲ ಬರುತ್ತದೆ ಅಂತ ಮನೆಯವರಿಗೆಲ್ಲ ಮೊದಲೇ ಹೇಳಿಟ್ಟರೆ ನಡುರಾತ್ರಿ ಆಂಬುಲೆನ್ಸಿಗೆ ಓಡುವುದು ತಪ್ಪುತ್ತದೆ. ಊರಿನ ಡಾಕ್ಟರೊಬ್ಬರು ಮುಂಚೆಯೇ ಬಂದು ನೋಡಿ ಹೋಗಿರಲಿ, ಮರಣದ ಚೀಟಿ ಬರೆಯಲಿಕ್ಕೆ ಅವರಿಗೂ ಸುಲಭ. ನೋಂದಣಿಗೆ 21 ದಿನ ಸಮಯ ಇದೆ. ಉಳಿದ ಮಾರ್ಫಿನ್ ಮಾತ್ರೆ ಮನೆಯಲ್ಲಿಡಬೇಡಿ, ಕೊಟ್ಟ ಆಸ್ಪತ್ರೆಗೇ ವಾಪಸ್ ಮುಟ್ಟಿಸಿ.