ಉಪ್ಪುನೀರಿನ ಮೀನಿಗೆ ಮದ್ದು: ಮೊದಲು ಊಟ, ಆಮೇಲೆ ತಾಮ್ರ

ಹೊಸ ಮೀನು ತಿನ್ನಲು ಶುರು ಮಾಡುವವರೆಗೆ ನಾನು ಕ್ವಾರಂಟೈನ್ ಟ್ಯಾಂಕಿಗೆ, ಅಂದರೆ ಹೊಸ ಮೀನನ್ನು ಬೇರೆಯಾಗಿ ಇಟ್ಟು ನೋಡುವ ಟ್ಯಾಂಕಿಗೆ, ಒಂದು ತೊಟ್ಟು ಮದ್ದೂ ಹಾಕುವುದಿಲ್ಲ. ಮೈಮೇಲೆ ಹೊಂಬಣ್ಣದ ಧೂಳಿನಂತೆ ಕಾಣುವ ವೆಲ್ವೆಟ್ ಎಂಬ ಪರಾವಲಂಬಿ ರೋಗ ಕಂಡರೆ ಮಾತ್ರ ಈ ನಿಯಮ ಬಿಡುತ್ತೇನೆ. ಕೊಡಗಿನಲ್ಲಿ ಸಮುದ್ರದ ಮೀನು ಸಾಕುವವರು ಕಡಿಮೆ. ಇರುವವರು ಫೋನ್ ಮಾಡಿ ಕೇಳುವುದು ಬಹುತೇಕ ಮದ್ದಿನ ವಿಷಯವನ್ನೇ. ಅದಕ್ಕೇ ನಾನು ಮಾಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಮೀನು ನಮ್ಮ ಮನೆಗೆ ಬರುವ ದಾರಿ ನೋಡಿ. ಎಲ್ಲೋ ದ್ವೀಪದ ಹತ್ತಿರ ಹಿಡಿದದ್ದು. ನಾಲ್ಕಾರು ಕೈ ದಾಟಿ ಬೆಂಗಳೂರಿಗೆ ಬರುತ್ತದೆ. ಅಲ್ಲಿಂದ ಹುಣಸೂರು, ಕುಶಾಲನಗರದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕೂತು ಮಡಿಕೇರಿ ಹತ್ತುತ್ತದೆ. ದಾರಿಯುದ್ದಕ್ಕೂ ಸರಿಯಾಗಿ ಹೊಟ್ಟೆಗಿಲ್ಲ. ಪರಾವಲಂಬಿಗಳನ್ನು ಕೊಲ್ಲಲು ಹಾಕುವ ತಾಮ್ರದ ಮದ್ದು ಇದ್ದಬದ್ದ ಹಸಿವನ್ನೂ ಕೆಡಿಸುತ್ತದೆ. ಹಾಗಾಗಿ ಮೊದಲ ಕೆಲಸ ತಿನ್ನಿಸುವುದು. ಲೈಟ್ ಆರಿಸಿಟ್ಟು, ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಮೈಸಿಸ್ ಸೀಗಡಿ ಸ್ವಲ್ಪ ಸ್ವಲ್ಪವೇ ಕೊಡುತ್ತೇನೆ. ಹಾಕಿದ್ದನ್ನು ಬಾಯಿಗೆ ತೆಗೆದುಕೊಂಡು ಉಗುಳಿದರೆ ಅದು ಊಟವಲ್ಲ. ನುಂಗಬೇಕು, ಮತ್ತೆ ಕೇಳಿಕೊಂಡು ಮುಂದೆ ಬರಬೇಕು. ಆಗ ಮದ್ದಿನ ಬಾಟಲಿ ತೆಗೆಯುತ್ತೇನೆ.

ಟ್ಯಾಂಕಿನಲ್ಲಿ ಬರಿ ಗಾಜು, ಸ್ಪಂಜ್ ಫಿಲ್ಟರ್, ಹೀಟರ್, ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡು. ಕಲ್ಲು ಇಲ್ಲ, ಹವಳದ ಮರಳು ಇಲ್ಲ. ಇವೆರಡೂ ತಾಮ್ರವನ್ನು ಹೀರಿಕೊಳ್ಳುತ್ತವೆ, ಅಳತೆ ದಿನಕ್ಕೊಂದಾಗುತ್ತದೆ. 60, 30, 30 ಸೆಂಟಿಮೀಟರ್ ಟ್ಯಾಂಕಿಗೆ ಲೆಕ್ಕದ ಪ್ರಕಾರ 54 ಲೀಟರ್ ಹಿಡಿಯಬೇಕು. ಆದರೆ ಅಂಚಿನವರೆಗೆ ಯಾರೂ ತುಂಬುವುದಿಲ್ಲ ಅಲ್ವಾ? ನಾನು ಲೀಟರ್ ಜಗ್‌ನಲ್ಲಿ ಎಣಿಸಿ 45 ಲೀಟರ್ ಸುರಿದು, ಆ ಮಟ್ಟಕ್ಕೆ ಟೇಪ್ ಅಂಟಿಸಿದ್ದೇನೆ. ಮದ್ದಿನ ಲೆಕ್ಕವೆಲ್ಲ ಆ ಗೆರೆಯ ಮೇಲೆ. ನೀರು ಆರಿ ಗೆರೆಗಿಂತ ಇಳಿದರೆ ಮೊದಲು ಉಪ್ಪಿಲ್ಲದ ಆರ್‌ಒ ನೀರು ಹಾಕಿ ಗೆರೆ ಮುಟ್ಟಿಸುತ್ತೇನೆ.

ಈಗ ತಾಮ್ರ. ಗೋಣಿಕೊಪ್ಪದ ಸ್ನೇಹಿತರೊಬ್ಬರು ಕೇಳಿದ್ದರು, "ಅಣ್ಣ, ಮೆಣಸಿನ ಬಳ್ಳಿಗೆ ಹೊಡೆಯೋ ಮೈಲುತುತ್ತ ಚೀಲಗಟ್ಟಲೆ ಇದೆ. ಅದೂ ತಾಮ್ರವೇ ತಾನೇ? ಒಂದು ಚಿಟಿಕೆ ಹಾಕಿದರೆ ಆಗಲ್ವಾ?" ತೋಟ ಇರುವ ಯಾರಿಗಾದರೂ ಬರುವ ಯೋಚನೆ ಇದು, ಆದ್ದರಿಂದ ಲೆಕ್ಕ ಬಿಡಿಸಿ ಹೇಳುತ್ತೇನೆ. ತೋಟಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ. ಅದರಲ್ಲಿ ಕಾಲು ಭಾಗ ತಾಮ್ರ. ಅಂದರೆ ಲೀಟರಿಗೆ 2,500 ಮಿಲಿಗ್ರಾಂ. ಮೀನಿಗೆ ಇದೇ ಮೈಲುತುತ್ತದ ರೂಪದಲ್ಲಿ ಬೇಕಾದ ತಾಮ್ರ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ನನ್ನ 45 ಲೀಟರಿಗೆ 36 ಮಿಲಿಗ್ರಾಂ ಪುಡಿ ಸಾಕು. ಬೆರಳಲ್ಲಿ ಹಿಡಿದ ಚಿಟಿಕೆ ಅದರ ಎಷ್ಟೋ ಪಟ್ಟು ಆಗುತ್ತದೆ. ಜೊತೆಗೆ ಗೊಬ್ಬರದ ಅಂಗಡಿಯ ಪುಡಿಯಲ್ಲಿ ಬೇರೆ ಏನೇನು ಕಲಬೆರಕೆ ಇದೆಯೋ ನೋಡಿದವರಾರು. ತೋಟದ ತುತ್ತ ತೋಟಕ್ಕೇ ಇರಲಿ. ಔಷಧಿ ಹೊಡೆದ ದಿನ ಆ ಕೈಯನ್ನೂ ಟ್ಯಾಂಕಿಗೆ ಅದ್ದಬೇಡಿ.

ನಾನು ಬಳಸುವುದು ಕೀಲೇಟ್ ಮಾಡಿದ, ಅಂದರೆ ಬೇರೆ ಅಣುವಿಗೆ ಕಟ್ಟಿಹಾಕಿದ ತಾಮ್ರ. ಇದು ಮೀನಿಗೆ ಸ್ವಲ್ಪ ಮೃದು. ಆದರೆ ಇದರ ಅಳತೆಯೇ ಬೇರೆ, 2ರಿಂದ 2.5 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ). ಒಂದು ಬಗೆಯ ತಾಮ್ರದ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಿದರೆ ಮೀನು ಉಳಿಯುವುದಿಲ್ಲ. ಬಾಟಲಿಯ ಮೇಲೆ ಬರೆದದ್ದನ್ನೇ ನಂಬಿ. ಒಂದೇ ದಿನ ಪೂರ್ತಿ ಹಾಕುವುದಿಲ್ಲ. ದಿನಕ್ಕೆ ಕಾಲು ಪಿಪಿಎಂನಂತೆ ಏರಿಸುತ್ತೇನೆ. ಪ್ರತಿ ಸಲ ಹಾಕುವ ಮೊದಲು ತಾಮ್ರ ಅಳೆದು ಅಂಕಿ ತೋರಿಸುವ ಹ್ಯಾನಾ ಹೈ ರೇಂಜ್ ಚೆಕರ್‌ನಲ್ಲಿ ನೋಡುತ್ತೇನೆ. ಬಣ್ಣ ಹೋಲಿಸುವ ಕಿಟ್ ನನಗೆ ಸಾಲದು. ಮಳೆಗಾಲದ ಮಬ್ಬಿನಲ್ಲಿ ತಿಳಿ ನೀಲಿ ಯಾವುದು, ಇನ್ನೂ ತಿಳಿ ನೀಲಿ ಯಾವುದು ಅಂತ ಹೇಳುವುದು ಕಷ್ಟ. ಏರಿಸುವಾಗ ಮೀನು ಊಟ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ, ಮತ್ತೆ ತಿನ್ನುವವರೆಗೆ ಕಾಯುತ್ತೇನೆ. 2 ಮುಟ್ಟಿದ ದಿನದಿಂದ 30 ದಿನ. ನಡುವೆ ಅಳತೆ ಅದಕ್ಕಿಂತ ಇಳಿದರೆ ಎಣಿಕೆ ಮತ್ತೆ ಮೊದಲಿಂದ.

ಕ್ಲೌನ್, ಡ್ಯಾಮ್ಸೆಲ್ ಇದನ್ನೆಲ್ಲ ತಡೆದುಕೊಳ್ಳುತ್ತವೆ. ಫ್ಲೇಮ್ ಏಂಜೆಲ್, ಕೋರಲ್ ಬ್ಯೂಟಿ, ಲೆಪರ್ಡ್ ರಾಸ್, ಈ ಸೂಕ್ಷ್ಮ ಮೀನುಗಳ ಮಾತು ಬೇರೆ. ಇವುಗಳಿಗೆ ಬಿಳಿ ಚುಕ್ಕೆ ರೋಗದ ಭಯವಷ್ಟೇ ಇದ್ದರೆ ನಾನು ತಾಮ್ರ ಮುಟ್ಟುವುದೇ ಇಲ್ಲ, ಟ್ಯಾಂಕ್ ಬದಲಿಸುತ್ತೇನೆ. ಆ ಪರಾವಲಂಬಿ ಮೀನಿನ ಮೈಯಿಂದ ಉದುರಿ, ಗಾಜಿಗೆ ಅಂಟಿ ಗಂಟುಕಟ್ಟಿ, ಮರಿ ಬಿಡಲು ಕಡಿಮೆ ಅಂದರೂ 3 ದಿನ ಬೇಕು. ಅಷ್ಟರೊಳಗೆ ಮೀನನ್ನು ಬೇರೆ ಟ್ಯಾಂಕಿಗೆ ಸಾಗಿಸಿದರೆ ಮರಿಗೆ ಸಿಗುವುದು ಖಾಲಿ ನೀರು. 72 ಗಂಟೆಗೊಮ್ಮೆ, 12 ದಿನದಲ್ಲಿ 4 ಸಲ. 72 ದಾಟಬಾರದು. ಹೊಸ ನೀರು ಹಿಂದಿನ ದಿನವೇ ಕಲಸಿಟ್ಟು, ಉಪ್ಪು ಮತ್ತು ಬಿಸಿ ಎರಡನ್ನೂ ಹಳೆಯದಕ್ಕೆ ಸರಿಮಾಡಿರುತ್ತೇನೆ. ಬಲೆ ಬಳಸುವುದಿಲ್ಲ. ಏಂಜೆಲ್ ಮೀನಿನ ಕಿವಿರು ಮುಚ್ಚಳದ ಕೆಳಗೆ ಒಂದು ಮುಳ್ಳಿದೆ, ಅದು ಬಲೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ತೂತಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎತ್ತಿದರೆ ಮೀನು ಸುಮ್ನೆ ಬರುತ್ತದೆ, ಹಳೆ ನೀರೂ ಸೋರಿಹೋಗುತ್ತದೆ. ಲೆಪರ್ಡ್ ರಾಸ್ ರಾತ್ರಿ ಮರಳಲ್ಲಿ ಹೂತುಕೊಂಡು ಮಲಗುವ ಮೀನು. ಅದಕ್ಕೆ ಒಂದು ಡಬ್ಬಿಯಲ್ಲಿ ಸಿಲಿಕಾ ಮರಳು ಇಡುತ್ತೇನೆ, ಪ್ರತಿ ಸಲವೂ ಹೊಸದು.

ಇದರಲ್ಲಿ ಕೊಡಗಿನವರಿಗೆ ಇರುವ ತೊಂದರೆ ಒಂದೇ. ಬಿಟ್ಟ ಟ್ಯಾಂಕ್, ಪೈಪು, ಏರ್ ಟ್ಯೂಬ್ ಪೂರ್ತಿ ಒಣಗಬೇಕು. ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಜೋರು ಮಳೆಗಾಲ) ನಮ್ಮಲ್ಲಿ ಹಾಕುವ ಬಟ್ಟೆಯೇ ಒಣಗುವುದಿಲ್ಲ! ನಾನು ಎಲ್ಲವನ್ನೂ ಬ್ಲೀಚಿಂಗ್ ನೀರಲ್ಲಿ ಮುಳುಗಿಸಿ, ವಾಸನೆ ಹೋಗುವವರೆಗೆ ತೊಳೆದು, ಪೈಪುಗಳನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕುತ್ತೇನೆ. ಎರಡು ಜೊತೆ ಸಾಮಾನು ಇದ್ದರೆ ಜೀವ ಹಗುರ.

ವೆಲ್ವೆಟ್‌ಗೆ ಟ್ಯಾಂಕ್ ಬದಲಿಸುವ ಈ ಉಪಾಯ ನಡೆಯುವುದಿಲ್ಲ. ಮೀನು ಏದುಸಿರು ಬಿಡುತ್ತಾ, ಬೆಳಕು ಕಂಡರೆ ಅಡಗುತ್ತಾ, ಪಂಪಿನ ನೀರಿಗೆ ಮುಖ ಕೊಟ್ಟು ನಿಂತರೆ, ಓರೆ ಬೆಳಕಲ್ಲಿ ಮೈಮೇಲೆ ಹೊಂಬಣ್ಣದ ಧೂಳು ಕಂಡರೆ, ಎಂಥ ಸೂಕ್ಷ್ಮ ಮೀನಾದರೂ ತಾಮ್ರವೇ. ನಿಧಾನವಾಗಿ ಏರಿಸಲು ಆಗ ಸಮಯವಿರುವುದಿಲ್ಲ.

ಫ್ಲೂಕ್ ಎಂಬ ಚಪ್ಪಟೆ ಹುಳಕ್ಕೆ ತಾಮ್ರ ನಾಟುವುದಿಲ್ಲ. ಅನುಮಾನ ಬಂದರೆ ಕಪ್ಪು ಬೇಸಿನ್‌ನಲ್ಲಿ, ಬಿಸಿ ಮತ್ತು ಪಿಎಚ್ ಸರಿಮಾಡಿದ ಸಿಹಿನೀರಿಗೆ ಗಾಳಿ ಬಿಟ್ಟು, ಮೀನನ್ನು 5 ನಿಮಿಷ ಇಡುತ್ತೇನೆ. ಮೀನಿನ ಮೈಮೇಲೆ ಕಾಣದಂತಿದ್ದ ಹುಳ ಸಿಹಿನೀರಲ್ಲಿ ಬೆಳ್ಳಗಾಗಿ, ಎಳ್ಳು ಉದುರಿದ ಹಾಗೆ ತಳಕ್ಕೆ ಬೀಳುತ್ತದೆ. ಆಮೇಲೆ ಪ್ರಾಜಿಕ್ವಾಂಟೆಲ್ ಎಂಬ ಹುಳದ ಮದ್ದು, ಲೀಟರಿಗೆ 2.5 ಮಿಲಿಗ್ರಾಂ. ಮೊಟ್ಟೆಯಿಂದ ಹೊರಬರುವ ಮರಿಗಳಿಗಾಗಿ ಸುಮಾರು ಒಂದು ವಾರ ಬಿಟ್ಟು ಇನ್ನೊಂದು ಸಲ. ನಾಯಿಗೆ ಕೊಡುವ ಜಂತುಹುಳದ ಮಾತ್ರೆ ಪುಡಿಮಾಡಿ ಹಾಕಬೇಡಿ. ಅವುಗಳಲ್ಲಿ ಸಾಮಾನ್ಯವಾಗಿ ಬೇರೆ ಮದ್ದುಗಳೂ ಸೇರಿರುತ್ತವೆ. ತಾಮ್ರ ಇರುವಾಗ ಸೂಕ್ಷ್ಮ ಮೀನಿಗೆ ಪ್ರಾಜಿಕ್ವಾಂಟೆಲ್ ನಾನು ಕೊಡುವುದಿಲ್ಲ. ಒಂದು ಮುಗಿದ ಮೇಲೆ ಇನ್ನೊಂದು.

ಮದ್ದು ಬಿದ್ದ ನೀರಲ್ಲಿ ಗಾಳಿ ಜಾಸ್ತಿ ಬೇಕು. ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ನಮ್ಮಲ್ಲಿ ಯಾವಾಗ ಬರುತ್ತದೋ ಹೇಳಲಾಗದು. ಇನ್ವರ್ಟರ್‌ಗೆ ಏರ್ ಪಂಪ್ ಮಾತ್ರ ಕೊಟ್ಟು, ನೀರಿನ 25 ಡಿಗ್ರಿ ಬಿಸಿ ಬೇಗ ಇಳಿಯದ ಹಾಗೆ ಟ್ಯಾಂಕಿಗೆ ಕಂಬಳಿ ಸುತ್ತುತ್ತೇನೆ. ಹೀಟರ್ ಹಾಕಿದರೆ ಬ್ಯಾಟರಿ ಬೇಗ ಖಾಲಿ. ಜುಲೈ, ಆಗಸ್ಟ್‌ನಲ್ಲಿ ಸೂಕ್ಷ್ಮ ಮೀನು ತರಿಸುವುದನ್ನೇ ಬಿಟ್ಟಿದ್ದೇನೆ.

ಅಮೋನಿಯಾ ಏರಿದರೆ ಅದನ್ನು ಕಟ್ಟಿಹಾಕುವ ಕಂಡೀಷನರ್ ಸುರಿಯಬೇಡಿ. ಅಂಥವುಗಳಲ್ಲಿ ಕೆಲವು ತಾಮ್ರದ ಜೊತೆ ಸೇರಿ ಅದನ್ನು ಇನ್ನೂ ವಿಷ ಮಾಡುತ್ತವೆ. ಅಷ್ಟೇ ತಾಮ್ರ ಬೆರೆಸಿಟ್ಟ ಹೊಸ ಉಪ್ಪುನೀರಿನಿಂದ ಅರ್ಧ ಬದಲಿಸಿ. ಚಿಕಿತ್ಸೆ ಮುಗಿದ ಮೇಲೆ ನೀರು ಬದಲಿಸಿ ಆಕ್ಟಿವೇಟೆಡ್ ಕಾರ್ಬನ್ ಹಾಕಿ ತಾಮ್ರ ತೆಗೆಯುತ್ತೇನೆ. ಚೆಕರ್ ಸೊನ್ನೆಯ ಹತ್ತಿರ ಬರುವವರೆಗೆ ಕಾರ್ಬನ್ ಬದಲಾಯಿಸುತ್ತಿರಬೇಕು. ತಾಮ್ರ ಕಂಡ ಬಕೆಟ್, ಡಬ್ಬಿ, ಟ್ಯೂಬಿಗೆಲ್ಲ ಕೆಂಪು ಟೇಪ್ ಸುತ್ತಿದ್ದೇನೆ. ಅವು ಹವಳದ ಟ್ಯಾಂಕಿನ ಕೋಣೆಗೇ ಹೋಗುವುದಿಲ್ಲ.