ಬುಲ್ ಟೆರಿಯರ್‌ಗೆ ಅಜಿಲಿಟಿ (ಅಡೆತಡೆಗಳನ್ನು ದಾಟಿ ಓಡುವ ನಾಯಿಗಳ ಕ್ರೀಡೆ) ಮತ್ತು ಆಟಗಳನ್ನು ಕಲಿಸುವ ಬಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಜೇಮ್ಸ್ ಹಿಂಕ್ಸ್ ರೂಪಿಸಿದ ಬುಲ್ ಟೆರಿಯರ್ ಭಾರವಾದ ಮೈಕಟ್ಟಿನ ನಾಯಿತಳಿ. ಆದ್ದರಿಂದ ಮೂಳೆಗಳ ಬೆಳವಣಿಗೆ ಮುಗಿಯುವವರೆಗೆ, ಅಂದರೆ ಸುಮಾರು 15ರಿಂದ 18 ತಿಂಗಳಾಗುವವರೆಗೆ, ಅದನ್ನು ಎತ್ತರದ ಅಡ್ಡಪಟ್ಟಿಗಳ ಮೇಲೆ ಹಾರಿಸಬಾರದು. ಅಲ್ಲಿಯವರೆಗೆ ನೆಲದ ಮೇಲಿಟ್ಟ ಕೋಲನ್ನು ದಾಟುವುದು, ಸುರಂಗದಲ್ಲಿ ನುಸುಳುವುದು ಸಾಕು.

ಮೊದಲು ಸುತ್ತು ತಿರುಗುವುದನ್ನು ಕಲಿಸಿರಿ. ಬೇಯಿಸಿದ ಕೋಳಿಮಾಂಸದ ಚಿಕ್ಕ ತುಣುಕನ್ನು ಮೂಗಿನ ಮುಂದೆ ಹಿಡಿದು, ಕೈಯನ್ನು ನಿಧಾನವಾಗಿ ಬಾಲದ ಕಡೆಗೆ ಬಳಸಿ ಒಯ್ಯಿರಿ. ತಲೆಯನ್ನು ಹಿಂಬಾಲಿಸಿ ಮೈ ತಿರುಗಿದ ಕ್ಷಣದಲ್ಲೇ ಕ್ಲಿಕ್ಕರ್ (ಒತ್ತಿದರೆ ‘ಕ್ಲಿಕ್’ ಎಂದು ಸದ್ದು ಮಾಡುವ ಪುಟ್ಟ ಸಾಧನ) ಒತ್ತಿ ತುಣುಕನ್ನು ಕೊಡಿರಿ. ಅರ್ಧಕ್ಕೇ ನಿಂತರೆ, ಆರಂಭದಲ್ಲಿ ಆ ಅರ್ಧ ಸುತ್ತಿಗೂ ಬಹುಮಾನ ಸಲ್ಲಬೇಕು. ಈ ತಳಿಗೆ ಬೇಸರ ಬೇಗ, ಹಟವೂ ಹೆಚ್ಚು. ಗದರಿದರೆ ಕಲಿಯುವ ಉತ್ಸಾಹವೇ ಕುಗ್ಗುತ್ತದೆ. ಮೂರು ನಾಲ್ಕು ನಿಮಿಷಗಳಲ್ಲಿ ಪಾಠ ಮುಗಿಸಿ ಹಗ್ಗ ಎಳೆಯುವ ಆಟ ಆಡಿಸುವುದೇ, ನನ್ನ ಅಭಿಪ್ರಾಯದಲ್ಲಿ, ಇದಕ್ಕೆ ಅತ್ಯುತ್ತಮ ಬಹುಮಾನ. ಆದರೆ ‘ಬಿಡು’ ಎಂದಾಗ ಹಗ್ಗವನ್ನು ಬಿಡುವ ಅಭ್ಯಾಸ ಅದಕ್ಕೆ ಮೊದಲೇ ಆಗಿರಬೇಕು.

ಬಿಳಿಯ ಬುಲ್ ಟೆರಿಯರ್‌ಗಳಲ್ಲಿ ಹುಟ್ಟುಕಿವುಡು ಹೆಚ್ಚಾಗಿ ಕಂಡುಬರುವುದರಿಂದ ಮರಿಯ ಶ್ರವಣವನ್ನು ಪಶುವೈದ್ಯರಿಂದ ಪರೀಕ್ಷಿಸಿಕೊಳ್ಳಿರಿ. ಕಿವಿ ಕೇಳಿಸದ ನಾಯಿಗೆ ಕ್ಲಿಕ್ಕರ್ ಬದಲು ಹೆಬ್ಬೆರಳೆತ್ತಿ ತೋರಿಸಿದರೆ ಅದೂ ಅಷ್ಟೇ ಚೆನ್ನಾಗಿ ಕಲಿಯಬಲ್ಲದು.